ಲಿವರ್‌ಗೆ ಸರ್ಟಿಫಿಕೇಟ್ ಇದೆ, ಧರೆಗೆ ಇಲ್ಲ

ಶಿವಮೊಗ್ಗ ಜಿಲ್ಲೆಯಲ್ಲಿ ಜೆಸಿಬಿ ಬಿಡಲು ಕಲಿಯುವ ದಾರಿ ಇವತ್ತಿಗೂ ಹೆಚ್ಚುಕಡಿಮೆ ಒಂದೇ. ಹೆಲ್ಪರ್ ಆಗಿ ಸೇರಬೇಕು. ಬೆಳಿಗ್ಗೆ ಆಪರೇಟರ್ ಬರುವ ಮೊದಲೇ ಪಿನ್ನು, ಬುಶ್ಶುಗಳಿಗೆ ಗ್ರೀಸ್ ಹೊಡೆದಿರಬೇಕು, ಡೀಸೆಲ್ ಕ್ಯಾನ್ ಹೊರಬೇಕು, ಬಕೆಟ್ ಹಲ್ಲು ಸವೆದರೆ ಸುತ್ತಿಗೆ ಹಿಡಿದು ನಿಲ್ಲಬೇಕು. ಆಪರೇಟರ್ ಊಟಕ್ಕೆ ಇಳಿದ ಹೊತ್ತಿನಲ್ಲಿ, ಮಾಲೀಕರು ಸುತ್ತಮುತ್ತ ಇಲ್ಲದಿದ್ದರೆ, ಸೀಟಿನ ಮೇಲೆ ಕೂರಲು ಸಿಗುತ್ತದೆ. ಮೊದಲು ಸುಮ್ಮನೆ ಮಣ್ಣು ಎಳೆಯುವುದು, ಆಮೇಲೆ ಟಿಪ್ಪರ್ ತುಂಬುವುದು, ಕೈ ಕುದುರಿದ ಮೇಲೆ ಲೆವೆಲ್ ಮಾಡುವುದು. ಒಂದು ದಿನ ಆಪರೇಟರ್ ಬೇರೆ ಮಾಲೀಕರ ಹತ್ತಿರ ಹೋಗುತ್ತಾನೆ, ಹೆಲ್ಪರ್ ಆಪರೇಟರ್ ಆಗುತ್ತಾನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇವತ್ತು ಗಾಡಿ ಬಿಡುತ್ತಿರುವ ಬಹುತೇಕರ ಕತೆ ಇದೇ.

ಈ ದಾರಿಯನ್ನು ಹೀಗಳೆಯುವ ಅಗತ್ಯವಿಲ್ಲ. ಒಳ್ಳೆಯ ಆಪರೇಟರ್‌ನ ಕೈಕೆಳಗೆ ಎರಡು ಮಳೆಗಾಲ ಕಳೆದ ಹುಡುಗನಿಗೆ ಬರುವ ತಿಳಿವಳಿಕೆ ಯಾವ ತರಗತಿಯಲ್ಲೂ ಬರುವುದಿಲ್ಲ. ತೊಂದರೆ ಶುರುವಾಗುವುದು ಅವನು ಊರಿನ ಕೆಲಸ ಬಿಟ್ಟು ದೊಡ್ಡ ಸೈಟಿನ ಗೇಟಿಗೆ ಹೋಗಿ ನಿಂತಾಗ. ಅಲ್ಲಿ ಕೇಳುವುದು ಗಾಡಿ ಬಿಡಲು ಬರುತ್ತದೆ ಎಂದು ತೋರಿಸುವ ಕಾರ್ಡು.

ಇಂಥ ಗೇಟುಗಳು ಮಲೆನಾಡಿನಲ್ಲಿ ಈಗ ಹೆಚ್ಚಾಗಿವೆ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗದ ಕೆಲಸ ಇದೆ, ಹೆದ್ದಾರಿ ಅಗಲೀಕರಣ ಇದೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕೋ ಬೇಡವೋ ಎಂಬ ಜಗಳ ಬೇರೆಯದೇ. ಅದು ನಡೆದರೆ ಭೂಮಿಯೊಳಗೆ ಕೆಲಸ ಮಾಡುವ ಆಪರೇಟರ್‌ಗಳು ಬೇಕಾಗುತ್ತಾರೆ ಎನ್ನುವುದಂತೂ ನಿಜ. ಇದರ ಮೇಲೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಹಾಗಾಗಿ ‘ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕಾ, ಎಲ್ಲಿ, ಯಾವುದು’ ಎಂಬ ಪ್ರಶ್ನೆ ಹುಡುಗರಿಂದ ಹಿಡಿದು ಗಾಡಿ ಮಾಲೀಕರವರೆಗೆ ಎಲ್ಲರ ಬಾಯಲ್ಲೂ ಇದೆ.

ಮೊದಲ ಗೊಂದಲ ಡ್ರೈವಿಂಗ್ ಲೈಸೆನ್ಸಿನದು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ‘ನಿರ್ಮಾಣ ಉಪಕರಣ ವಾಹನ’ ಎಂಬ ವರ್ಗವೇ ಇದೆ. ರಬ್ಬರ್ ಟೈರಿನ ಬ್ಯಾಕ್‌ಹೋ (ನಾವು ಜೆಸಿಬಿ ಎನ್ನುವುದು ಇದನ್ನೇ), ಲೋಡರ್, ಮೊಬೈಲ್ ಕ್ರೇನ್, ಗ್ರೇಡರ್, ಸ್ಟೀಲ್ ಡ್ರಮ್ಮಿನ ರೋಲರ್ ಇತ್ಯಾದಿ, ಗಂಟೆಗೆ 50 ಕಿಲೋಮೀಟರ್ ವೇಗ ಮೀರದ ಯಂತ್ರಗಳು ಇದರಲ್ಲಿ ಬರುತ್ತವೆ. ಇವುಗಳ ಮುಖ್ಯ ಕೆಲಸ ರಸ್ತೆಯ ಆಚೆ, ರಸ್ತೆಯಲ್ಲಿ ಓಡುವುದು ಪ್ರಾಸಂಗಿಕ. ಆದ್ದರಿಂದ ಇವು ಸಾರಿಗೆಯೇತರ ವಾಹನಗಳು ಎಂದು ನಿಯಮವೇ ಹೇಳುತ್ತದೆ. ಕೆಎ-14 ಅಥವಾ ಕೆಎ-15 ನಂಬರ್ ಪ್ಲೇಟ್ ಹೊತ್ತ ಜೆಸಿಬಿ ಊರಿಂದ ಊರಿಗೆ ಓಡಬೇಕಾದರೆ ಅದನ್ನು ಬಿಡುವವನ ಲೈಸೆನ್ಸಿನಲ್ಲಿ ಆ ವರ್ಗ ನಮೂದಾಗಿರಬೇಕು. ಎಲ್‌ಎಲ್ಆರ್ ಮಾಡಿಸಿ, 30 ದಿನ ಕಳೆದ ಮೇಲೆ ಆರು ತಿಂಗಳೊಳಗೆ ಪರೀಕ್ಷೆ ಕೊಡುವುದು ಇಲ್ಲಿಗೂ ಅನ್ವಯ.

ಕಾರಿನ ಲೈಸೆನ್ಸೇ ಸಾಕು ಎನ್ನುವವರು ಬಹಳ. ಅದಕ್ಕೆ ಕಾರಣ 2024ರ ನವೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಜೆಸಿಬಿಯ ತೂಕವೂ ಏಳೂವರೆ ಟನ್ನಿನ ಆಸುಪಾಸು, ಹಾಗಾಗಿ ನಮ್ಮವರು ಅದನ್ನು ತಮಗೆ ಬೇಕಾದ ಹಾಗೆ ಓದಿಕೊಂಡರು. ಆದರೆ ಆ ತೀರ್ಪು ಬಂದದ್ದು ಸಾರಿಗೆ ವಾಹನಗಳ ವಿಮೆ ತಕರಾರಿನಲ್ಲಿ. ಜೆಸಿಬಿಯನ್ನು ನಿಯಮ ಸಾರಿಗೆ ವಾಹನ ಎಂದು ಎಣಿಸುವುದೇ ಇಲ್ಲ. ಸಾಲದ್ದಕ್ಕೆ ಮಾಡೆಲ್ಲು, ಬಕೆಟ್ಟು, ಬ್ರೇಕರ್ ಬದಲಾದ ಹಾಗೆ ತೂಕ ಆ ಗೆರೆಯ ಈಚೆಗೂ ಆಚೆಗೂ ಹೋಗುತ್ತದೆ. ರಸ್ತೆಯಲ್ಲಿ ಅಪಘಾತವಾಗಿ ಲೈಸೆನ್ಸ್ ಸರಿಯಿಲ್ಲ ಎಂದು ತೀರ್ಮಾನವಾದರೆ, ವಿಮಾ ಕಂಪನಿ ಸಂತ್ರಸ್ತರಿಗೆ ಹಣ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲು ನ್ಯಾಯಾಲಯ ಅವಕಾಶ ಕೊಡುವುದುಂಟು. ಸಾಲದ ಕಂತು ಕಟ್ಟುತ್ತಿರುವ ಒಂಟಿ ಗಾಡಿಯ ಮಾಲೀಕನಿಗೆ ಅದು ತಡೆಯುವ ಹೊಡೆತವಲ್ಲ. ಆಪರೇಟರ್‌ಗೆ ಸರಿಯಾದ ವರ್ಗದ ಲೈಸೆನ್ಸ್ ಮಾಡಿಸಿಕೊಡುವುದು ಇದರ ಮುಂದೆ ಏನೂ ಅಲ್ಲ.

ಇನ್ನು ಹಿಟಾಚಿ, ಅಂದರೆ ಚೈನ್ ಗಾಡಿ. ಅದು ರಸ್ತೆಯಲ್ಲಿ ಓಡುವುದಿಲ್ಲ, ಟ್ರೈಲರ್ ಮೇಲೆ ಕೂತು ಬರುತ್ತದೆ. ನಿಯಮ ಪಟ್ಟಿ ಮಾಡಿರುವುದು ರಬ್ಬರ್ ಟೈರಿನ, ಡ್ರಮ್ಮಿನ ಗಾಡಿಗಳನ್ನು. ಚೈನ್ ಗಾಡಿ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕೆ ನಂಬರ್ ಪ್ಲೇಟೂ ಇರುವುದಿಲ್ಲ. ಗುಡ್ಡ ಅಗೆಯುವ ಎರಡು ಯಂತ್ರಗಳಲ್ಲಿ ದೊಡ್ಡದು, ಹೆಚ್ಚು ಶಕ್ತಿಯದು ಆರ್‌ಟಿಒ ಕಣ್ಣಿಗೆ ಬೀಳುವುದೇ ಇಲ್ಲ.

ಕಣ್ಣಿಗೆ ಬೀಳುವ ಜೆಸಿಬಿಯಲ್ಲೂ ಆರ್‌ಟಿಒ ನೋಡುವುದು ಏನನ್ನು? ಚಾಲನಾ ಪರೀಕ್ಷೆಯ ನಿಯಮದಲ್ಲಿರುವುದು ಕನ್ನಡಿ ಸರಿಮಾಡಿಕೊಳ್ಳುವುದು, ಗೇರ್ ಬದಲಿಸುವುದು, ಸಿಗ್ನಲ್ ಕೊಡುವುದು, ಹಿಂದಕ್ಕೆ ತೆಗೆಯುವುದು. ಎಲ್ಲವೂ ರಸ್ತೆಯ ವಿದ್ಯೆ. ಜ್ಯಾಕ್ ಇಳಿಸದೆ ಬೂಮ್, ಅಂದರೆ ಅಗೆಯುವ ಉದ್ದ ತೋಳು, ಚಾಚಬಾರದು ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಮೋಟಾರು ವಾಹನ ನಿರೀಕ್ಷಕರನ್ನು ಇದಕ್ಕೆ ದೂರುವಂತಿಲ್ಲ. ಅವರ ಕೆಲಸ ರಸ್ತೆಯದು.

ಎರಡನೆಯ ಕಾಗದ ಕೌಶಲ ಪ್ರಮಾಣಪತ್ರ. ಕಟ್ಟಡ ಮತ್ತು ರಸ್ತೆ ಯಂತ್ರಗಳಿಗೆಂದೇ ಇನ್‌ಫ್ರಾಸ್ಟ್ರಕ್ಚರ್ ಎಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಎಂಬ ಸಂಸ್ಥೆ ಇದೆ. ಬ್ಯಾಕ್‌ಹೋ ಆಪರೇಟರ್, ಎಕ್ಸ್‌ಕವೇಟರ್ ಆಪರೇಟರ್, ಕ್ರೇನ್ ಆಪರೇಟರ್ ಎಂದು ಒಂದೊಂದು ಕೆಲಸಕ್ಕೂ ಏನು ಗೊತ್ತಿರಬೇಕು ಎಂಬ ಪಟ್ಟಿಯನ್ನು ಅದು ಮಾಡಿಟ್ಟಿದೆ. ಈ ಪಟ್ಟಿಗಳು 2013ರಲ್ಲಿ ಬಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಹಂತಗಳಿಗೆ ಹೊಂದಿಕೊಂಡಿರುತ್ತವೆ. ಹೊಸದಾಗಿ ಕಲಿಯುವವರಿಗೆ ಪೂರ್ಣ ತರಬೇತಿ. ಈಗಾಗಲೇ ಕೆಲಸ ಬಲ್ಲವರಿಗೆ ‘ಪೂರ್ವ ಕಲಿಕೆಯ ಮಾನ್ಯತೆ’, ಅಂದರೆ ಆರ್‌ಪಿಎಲ್. ಚಿಕ್ಕದೊಂದು ತರಬೇತಿ, ಬೇರೆ ಸಂಸ್ಥೆಯಿಂದ ಬಂದ ಪರೀಕ್ಷಕರಿಂದ ಪರೀಕ್ಷೆ, ಆಮೇಲೆ ಪ್ರಮಾಣಪತ್ರ. ಹೆಲ್ಪರ್ ಆಗಿ ಕಲಿತು ಹತ್ತಾರು ವರ್ಷ ಗಾಡಿ ಬಿಟ್ಟವರಿಗೆ ಸರಿಹೊಂದುವುದು ಇದೇ. ಎಸ್ಸೆಸ್ಸೆಲ್ಸಿ ಫೇಲಾದ ಆಪರೇಟರ್ ಒಬ್ಬನಿಗೆ ತನ್ನ ಕೈಕೆಲಸಕ್ಕೆ ಸರ್ಕಾರದ ಮೊಹರು ಸಿಗುವುದು ಸಣ್ಣ ವಿಷಯವಲ್ಲ.

ಈ ತರಬೇತಿಯ ಪಠ್ಯದಲ್ಲಿ ತಿರುಳಿಲ್ಲ ಎನ್ನುವಂತಿಲ್ಲ. ಗಾಡಿ ಸ್ಟಾರ್ಟ್ ಮಾಡುವ ಮೊದಲಿನ ಸುತ್ತು ತಪಾಸಣೆ, ಆಯಿಲ್ ಮಟ್ಟ, ಹೈಡ್ರಾಲಿಕ್ ಸೋರಿಕೆ, ಕೈಸನ್ನೆಗಳು, ಸುರಕ್ಷತಾ ಸಾಧನ ಎಲ್ಲವೂ ಇವೆ. ಟೈರ್ ಗಾಡಿಯಿಂದ ಚೈನ್ ಗಾಡಿಗೆ ಹೋಗುವವರಿಗಂತೂ ಇದು ಬೇಕೇ ಬೇಕು. ಚೈನ್ ಗಾಡಿಯ ಎರಡು ಜಾಯ್‌ಸ್ಟಿಕ್‌ಗಳಿಗೆ ಚಾಲ್ತಿಯಲ್ಲಿ ಎರಡು ಬಗೆಯ ಜೋಡಣೆಗಳಿವೆ. ಒಂದರಲ್ಲಿ ಬೂಮ್ ಏರಿಳಿಸುವುದು ಬಲಗೈ, ಇನ್ನೊಂದರಲ್ಲಿ ಎಡಗೈ. ಒಂದಕ್ಕೆ ಒಗ್ಗಿದ ಕೈ ಇನ್ನೊಂದರಲ್ಲಿ ಗಾಬರಿಯಾದಾಗ ತಪ್ಪು ದಿಕ್ಕಿಗೇ ಎಳೆಯುತ್ತದೆ. ಕೆಳಗೆ ಪೈಪು ಹಿಡಿದು ನಿಂತವನ ಪಾಲಿಗೆ ಅಷ್ಟೇ ಸಾಕು.

ಮೂರನೆಯದು ದೊಡ್ಡ ಗುತ್ತಿಗೆದಾರರು ಗೇಟಿನಲ್ಲಿ ತಾವೇ ಮಾಡುವ ಟ್ರೇಡ್ ಟೆಸ್ಟ್ ಮತ್ತು ಸುರಕ್ಷತಾ ಪಾಠ. ಮೂರರಲ್ಲಿ ಅತ್ಯಂತ ಗಂಭೀರವಾದದ್ದು ಬಹುಶಃ ಇದೇ, ಏಕೆಂದರೆ ಗಾಡಿ ಮಗುಚಿದರೆ ನಷ್ಟ ಅವರದೇ. ಆದರೆ ಆ ಪಾಸು ಆ ಸೈಟಿನ ಬೇಲಿಯೊಳಗೆ ಮಾತ್ರ. ಕೆಲಸ ಮುಗಿದ ದಿನ ಅದಕ್ಕೂ ಬೆಲೆ ಮುಗಿಯಿತು.

ಹೀಗೆ ಒಬ್ಬನ ಜೇಬಿನಲ್ಲಿ ಮೂರು ಕಾಗದ ಇದ್ದರೂ ಯಾವುದೂ ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ. ನಮ್ಮ ಕಡೆ ಜೀವ ಹೋಗುವುದು ಆ ಪ್ರಶ್ನೆಯಲ್ಲಿ.

ಮೇ ತಿಂಗಳ ಕೊನೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಯ ಯಾವುದೋ ಒಂದು ಮನೆ. ಹಿತ್ತಲ ಗುಡ್ಡ ತೆಗೆದು ಕಾರ್ ಶೆಡ್ಡಿಗೆ ಜಾಗ ಮಾಡಬೇಕು, ಮಳೆ ಹಿಡಿಯುವ ಮೊದಲು ಮುಗಿಯಬೇಕು. ಮೇಲೆ ಎರಡು ಮೂರು ಅಡಿ ಬೇರು ತುಂಬಿದ ಮಣ್ಣು. ಅದರ ಕೆಳಗೆ ಜಂಬಿಟ್ಟಿಗೆ. ಬಕೆಟ್ ಹಲ್ಲು ಕರಕರ ಎನ್ನುತ್ತದೆ, ತೆಗೆದ ಧರೆ, ಅಂದರೆ ಕಡಿದ ಗುಡ್ಡದ ಗೋಡೆ, ನೆಟ್ಟಗೆ ನಿಲ್ಲುತ್ತದೆ. ಇನ್ನೂ ಕೆಳಗಿಳಿದರೆ ಬಣ್ಣ ತಿರುಗುತ್ತದೆ, ಹಳದಿ, ನಸುಗೆಂಪು, ಕೊನೆಗೆ ಬಿಳಿ. ಈಗ ಬಕೆಟ್ ಬೆಣ್ಣೆಗೆ ಚಮಚ ಹಾಕಿದಷ್ಟು ಸಲೀಸಾಗಿ ಹೋಗುತ್ತದೆ. ಮನೆಯವರಿಗೆ ಖುಷಿ. ‘ಇನ್ನೆರಡು ಅಡಿ ಒಳಗೆ ತಗೊ ಮಾರಾಯ, ಗಾಡಿ ತಿರುಗಿಸೋಕೂ ಆಗತ್ತೆ’ ಎನ್ನುತ್ತಾರೆ. ಮೀಟರ್ ಓಡುತ್ತಿದೆ. ಆಪರೇಟರ್ ಒಳಗೆ ತೆಗೆಯುತ್ತಾನೆ.

ಆ ಬಿಳಿ ಮಣ್ಣು ಶೇಡಿ. ಎಂಜಿನಿಯರುಗಳು ಲಿಥೋಮಾರ್ಜಿಕ್ ಜೇಡಿ ಎನ್ನುತ್ತಾರೆ. ಕರಾವಳಿ ಮತ್ತು ಘಟ್ಟದ ಜಂಬಿಟ್ಟಿಗೆಯ ಅಡಿಯಲ್ಲಿ ಇದರ ಪದರ ಸಾಮಾನ್ಯ. ಒಣಗಿದ್ದಾಗ ಗಟ್ಟಿಯಾಗಿ ನಿಲ್ಲುತ್ತದೆ, ನೀರು ಕುಡಿದರೆ ಬಲವೆಲ್ಲ ಇಳಿದುಹೋಗುತ್ತದೆ. ಮೇಲಿನ ಜಂಬಿಟ್ಟಿಗೆಯಲ್ಲಿ ರಂಧ್ರಗಳಿರುವುದರಿಂದ ಮಳೆನೀರು ಸಲೀಸಾಗಿ ಕೆಳಗಿಳಿಯುತ್ತದೆ. ಶೇಡಿಯ ಹತ್ತಿರ ಬಂದು ನಿಧಾನವಾಗಿ ನಿಲ್ಲುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ನೀರಿಗೇನೂ ಬರವಿಲ್ಲ. ಬುಡ ಕೊರೆದ ಧರೆ ಜುಲೈ ತಿಂಗಳ ಒಂದು ರಾತ್ರಿ ಜರಿಯುತ್ತದೆ.

ಆ ಹೊತ್ತಿಗೆ ಜೆಸಿಬಿ ಹೋಗಿ ಎರಡು ತಿಂಗಳಾಗಿರುತ್ತದೆ. ತಹಶೀಲ್ದಾರರ ಕಚೇರಿಯ ಕಡತದಲ್ಲಿ ಅದು ಪ್ರಕೃತಿ ವಿಕೋಪ. ಪರಿಹಾರ ಬಂದರೆ ವಿಪತ್ತಿನ ಲೆಕ್ಕದಲ್ಲಿ ಬರುತ್ತದೆ. ಯಂತ್ರದ ಅಪಘಾತ ಎಂದು ಎಲ್ಲೂ ಬರೆಯುವುದಿಲ್ಲ, ಬಿಟ್ಟವನ ಲೈಸೆನ್ಸ್ ಯಾರೂ ಕೇಳುವುದಿಲ್ಲ. ಬ್ಯಾಕ್‌ಹೋ ಆಪರೇಟರ್‌ಗೆ ಏನು ಗೊತ್ತಿರಬೇಕು ಎಂದು ನಿರ್ಧರಿಸುವವರಿಗೆ ಈ ಜರಿತ ಕಾಣುವುದೇ ಇಲ್ಲ, ಆದ್ದರಿಂದ ಪಠ್ಯಕ್ಕೂ ಬರುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ದೊಡ್ಡ ತೂತು ಇದು. ಹಳ್ಳಿಯ ಮನೆಯ ಹಿತ್ತಲಷ್ಟೇ ಅಲ್ಲ, ಹೆದ್ದಾರಿಯಲ್ಲೂ ಇದೇ ಹಾಡು: ಶಿರಾಡಿ ಘಾಟಿಯಲ್ಲಿ ಅಗಲೀಕರಣಕ್ಕೆಂದು ಗುಡ್ಡವನ್ನು ನೆಟ್ಟಗೆ ಕಡಿದದ್ದರ ಬಗ್ಗೆ 2024ರ ಮಳೆಗಾಲದ ಕುಸಿತಗಳ ನಂತರ ಎಷ್ಟೆಲ್ಲ ಚರ್ಚೆಯಾಯಿತು.

ನಿಯಮಗಳು ಇಲ್ಲವೆಂದಲ್ಲ. ಒಂದೂವರೆ ಮೀಟರಿಗಿಂತ ಆಳದ ಕಂದಕದ ಬದಿಗಳನ್ನು ಇಳಿಜಾರಾಗಿ ತೆಗೆಯಬೇಕು ಇಲ್ಲವೇ ಹಲಗೆ ಕೊಟ್ಟು ನಿಲ್ಲಿಸಬೇಕು, ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ಅಥವಾ ಆಳದ ಅರ್ಧದಷ್ಟು, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು ಎಂದು ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆ ಹೇಳುತ್ತದೆ. ಒಂದೂವರೆ ಮೀಟರ್ ಎಂದರೆ ಐದು ಅಡಿ. ನಮ್ಮ ಪೈಪ್‌ಲೈನ್ ಚರಂಡಿಗಳು, ತೋಟದ ಅಗಳಗಳು ಅಷ್ಟು ಆಳ ಸುಲಭವಾಗಿ ಮುಟ್ಟುತ್ತವೆ. ಮಣ್ಣನ್ನು ಅಂಚಿಗೇ ಗುಡ್ಡೆ ಹಾಕುವುದು ರೂಢಿ, ಏಕೆಂದರೆ ಮತ್ತೆ ಮುಚ್ಚಲು ಸುಲಭ. ತಲೆಯ ಮೇಲಿನ ಮೆಸ್ಕಾಂ ಕರೆಂಟ್ ಲೈನಿನದೂ ಇದೇ ಪಾಡು. ಎತ್ತಿದ ಬೂಮ್ ಐದು ಮೀಟರ್ ದಾಟುತ್ತದೆ, ಅಡಿಕೆ ಮರಗಳ ನಡುವೆ ಜೋತುಬಿದ್ದ ತಂತಿ ಸೀಟಿನಿಂದ ಕಾಣುವುದಿಲ್ಲ.

ಇದನ್ನೆಲ್ಲ ಹೊಸ ಸಂಹಿತೆ ಸರಿಮಾಡುತ್ತದೆಯೇ? ದೊಡ್ಡ ಸೈಟುಗಳಲ್ಲಿ ಸ್ವಲ್ಪ ಬದಲಾವಣೆ ಬರಬಹುದು. ಆದರೆ ಹತ್ತಕ್ಕಿಂತ ಕಡಿಮೆ ಕಾರ್ಮಿಕರಿರುವ ನಿರ್ಮಾಣ ಕೆಲಸ ಅದರ ವ್ಯಾಪ್ತಿಗೆ ಬರುವುದಿಲ್ಲ. ಸ್ವಂತ ವಾಸದ ಮನೆಗೆ 1996ರ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ವಿನಾಯಿತಿ ಇತ್ತು, ಈಗ ಅದು 50 ಲಕ್ಷಕ್ಕೆ ಏರಿದೆ. ಒಬ್ಬ ಆಪರೇಟರ್, ಒಬ್ಬ ಹೆಲ್ಪರ್, ಒಂದು ಗಾಡಿ, ಒಂದು ಮನೆಯ ಹಿತ್ತಲು: ಮಲೆನಾಡಿನ ಮಾಮೂಲಿ ‘ಸೈಟ್’ ಇಷ್ಟೇ. ಅಡಿಕೆ ತೋಟಕ್ಕೆ ಕಪ್ಪು (ಬಸಿಗಾಲುವೆ) ತೆಗೆಯುವುದು, ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಅಗಳ ಹೊಡೆಯುವುದು ನಿರ್ಮಾಣವೂ ಅಲ್ಲ, ಕೃಷಿ. ಜಾಲರಿಯ ಕಣ್ಣು ದೊಡ್ಡದಾದದ್ದು ಸರಿಯಾಗಿ ನಮ್ಮ ಮೀನು ತಪ್ಪಿಸಿಕೊಳ್ಳುವ ಜಾಗದಲ್ಲೇ.

ಕಾಗದ ಕಡ್ಡಾಯ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ಸಿಡಿಮದ್ದಿನ ಸಾಗಣೆ, ದಾಸ್ತಾನು, ಸಿಡಿಸುವುದು, ಎಲ್ಲಕ್ಕೂ ನಮ್ಮಲ್ಲಿ ಪರವಾನಗಿ, ಪ್ರಮಾಣಪತ್ರ ಇವೆ. ಆದರೂ 2021ರ ಜನವರಿ 21ರ ರಾತ್ರಿ ಹುಣಸೋಡಿನ ಕ್ರಷರ್ ಬಳಿ ಸ್ಫೋಟವಾಗಿ ಹಲವರು ಸತ್ತರು, ಶಿವಮೊಗ್ಗ ಪಟ್ಟಣಕ್ಕೆ ಪಟ್ಟಣವೇ ನಡುಗಿತು. ಕೇಳುವವರಿಲ್ಲದ ಕಡೆ ಕಾಗದ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಯಾರು ಕೇಳಬೇಕು ಎನ್ನುವುದಕ್ಕಿಂತ ಯಾರು ‘ಆಗಲ್ಲ’ ಎನ್ನಬಲ್ಲರು ಎಂಬುದು ಮುಖ್ಯ ಎನಿಸುತ್ತದೆ. ಗಾಡಿ ಮಾಲೀಕನಿಗೆ ದುಡ್ಡು ಬರುವುದು ಗಂಟೆ ಲೆಕ್ಕದಲ್ಲಿ. ಆಪರೇಟರ್‌ಗೆ ಸಂಬಳದ ಮೇಲೆ ಬಾಟಾ, ಅದೂ ಗಾಡಿ ಓಡಿದರೆ. ಮನೆಯವರು ನೋಡುವುದು ಗಂಟೆಗೆ ಎಷ್ಟು ಮಣ್ಣು ಹೋಯಿತು ಎಂದು. ಇಂಥ ಜಾಗದಲ್ಲಿ ಇಪ್ಪತ್ತೆರಡರ ಹುಡುಗನೊಬ್ಬ ಸೀಟಿನಿಂದ ಇಳಿದು ‘ಇಲ್ಲಿ ಶೇಡಿ ಬಂತು, ಇನ್ನು ಒಳಗೆ ತೆಗೆಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮಾಡ್ತೀನಿ’ ಎಂದರೆ ಮಾರನೆಯ ದಿನ ಬೇರೆ ಗಾಡಿ ಬರುತ್ತದೆ. ಅವನಿಗೆ ಧರೆಯ ಗುಣ ಗೊತ್ತಿಲ್ಲ ಎಂದೇನಲ್ಲ. ಹಳೆಯ ಆಪರೇಟರ್‌ಗಳಿಗಂತೂ ಬಕೆಟ್ಟಿನ ಸದ್ದಿನಲ್ಲೇ ಗೊತ್ತಾಗುತ್ತದೆ. ಗೊತ್ತಿದ್ದನ್ನು ಹೇಳಲು ಅವರಿಗೆ ಆಧಾರವಿಲ್ಲ, ಅಷ್ಟೇ. ಪ್ರಮಾಣಪತ್ರ ಕೊಡಬೇಕಾದದ್ದು ಆ ಆಧಾರವನ್ನು.

ನಿರ್ಮಾಣ ಯಂತ್ರ ಬಿಡುವವರಿಗೆ ಕಾರ್ಡು ಕೊಡುವ ಬ್ರಿಟನ್ನಿನ ಸಿಪಿಸಿಎಸ್ ಪದ್ಧತಿಯಲ್ಲಿ ನಮಗೆ ಪಾಠವಿದೆ. ಅಲ್ಲಿ ಪರೀಕ್ಷೆ ಪಾಸಾದವನಿಗೆ ಮೊದಲು ಸಿಗುವುದು ಎರಡು ವರ್ಷದ ಕೆಂಪು ಕಾರ್ಡು. ಆ ಅವಧಿಯಲ್ಲಿ ನಿಜವಾದ ಸೈಟಿನಲ್ಲಿ ಮಾಡಿದ ಕೆಲಸದ ಆಧಾರದ ಮೇಲೆ ಅರ್ಹತೆ ಪಡೆದರೆ ನೀಲಿ ಕಾರ್ಡು, ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಂದರೆ ಪರೀಕ್ಷೆಯ ದಿನ ಮುಗಿದ ಮೇಲೂ ಕಲಿಕೆಯ ಲೆಕ್ಕ ಇಡುತ್ತಾರೆ. ನಮ್ಮ ಹೆಲ್ಪರ್ ಪದ್ಧತಿಗೆ ಇದು ಚೆನ್ನಾಗಿ ಹೊಂದುತ್ತದೆ, ಬೇಕಾದದ್ದು ಒಂದು ಲಾಗ್‌ಬುಕ್. ಯಾವ ಗಾಡಿ, ಎಷ್ಟು ಗಂಟೆ, ಯಾವ ಬಗೆಯ ಕೆಲಸ, ಕೊನೆಗೆ ಆಪರೇಟರ್ ಸಹಿ. ಕಳ್ಳತನದಲ್ಲಿ ಸೀಟು ಹತ್ತುವ ಹುಡುಗ ಲೆಕ್ಕಕ್ಕೆ ಸಿಗುತ್ತಾನೆ; ಹದಿನೆಂಟು ತುಂಬದವನು ಹೊರಗೆ ಉಳಿಯುತ್ತಾನೆ.

ಧರೆಯ ಪಾಠವನ್ನು ದೆಹಲಿಯವರು ಬರೆಯುವ ತನಕ ಕಾಯಬೇಕಿಲ್ಲ. ಮಳೆಗಾಲದ ಮೊದಲು ಒಂದು ದಿನ, ತಾಲ್ಲೂಕು ಮಟ್ಟದಲ್ಲಿ, ಕುಸಿದ ಧರೆಯ ಮುಂದೆಯೇ ನಿಲ್ಲಿಸಿ ಪಾಠ ಮಾಡಿದರೆ ಸಾಕು. ಶೇಡಿಯ ಗುರುತು ಹಿಡಿಯುವುದು, ಮೆಟ್ಟಿಲು ಕಡಿಯುವುದು, ಮೇಲಿನಿಂದ ಬರುವ ನೀರಿಗೆ ದಾರಿ ಬಿಡುವುದು. ಪಾಠ ಹೇಳಲು ಎಂಜಿನಿಯರಿಂಗ್ ಕಾಲೇಜಿನವರ ಜೊತೆ ಹಳೆಯ ಇಬ್ಬರು ಆಪರೇಟರ್‌ಗಳೂ ಇರಲಿ. ಮನೆ ಕಟ್ಟಲು ಪರವಾನಗಿ ಕೊಡುವಾಗ ಗುಡ್ಡ ಕಡಿಯುವ ಎತ್ತರವನ್ನೂ ಪಂಚಾಯಿತಿ ಬರೆದುಕೊಟ್ಟರೆ ‘ಇನ್ನೆರಡು ಅಡಿ’ ಎನ್ನುವವರಿಗೆ ಆಪರೇಟರ್ ಕಾಗದ ತೋರಿಸಬಹುದು. ಹೊಗೆಯ ವಿಷಯದಲ್ಲಿ ಸರ್ಕಾರ ಹಂತಹಂತವಾಗಿ ಬಿಗಿ ಮಾಡುತ್ತಾ ಬಂದು 2025ರ ಜನವರಿಯಿಂದ ಈ ಯಂತ್ರಗಳಿಗೆ ಐದನೆಯ ಹಂತದ ಮಾನದಂಡ ತಂದಿದೆ. ಎಂಜಿನ್ನಿಗೆ ಮಾಡಿದ್ದನ್ನು ಎಂಜಿನ್ನಿನ ಹಿಂದೆ ಕೂತವನಿಗೆ ಮಾಡಲು ಆಗದೇನಲ್ಲ. ಬಿಇಎಂಎಲ್ ಕೆಜಿಎಫ್‌ನಲ್ಲಿ, ಟಾಟಾ ಹಿಟಾಚಿ ಧಾರವಾಡದಲ್ಲಿ ಯಂತ್ರ ಕಟ್ಟುತ್ತವೆ. ಯಂತ್ರ ತಯಾರಾಗುವ ರಾಜ್ಯದಲ್ಲೇ ಅದನ್ನು ಬಿಡಲು ಕಲಿಯುವ ಹುಡುಗ ಊಟದ ಬಿಡುವಿಗೆ ಕಾಯಬೇಕಾಗಿದೆ.

ಅಲ್ಲಿಯವರೆಗೆ, ಈಗಲೇ ಸರ್ಟಿಫಿಕೇಟಿಗೆ ಹೊರಟವರಿಗೆ ಒಂದೆರಡು ಮಾತು. ಊರಿನಲ್ಲಿ ಟೈರ್ ಗಾಡಿ ಬಿಡುವವರು ಮೊದಲು ಲೈಸೆನ್ಸಿನಲ್ಲಿ ವರ್ಗ ಸೇರಿಸಿಕೊಳ್ಳಲಿ. ಕಾನೂನಿನ ಕಣ್ಣಿನಲ್ಲಿ ಮೊದಲು ಬೀಳುವುದು ಅದು. ದೊಡ್ಡ ಸೈಟು, ಗಲ್ಫು ಎಂದು ಯೋಚಿಸುವವರು ಕೌಶಲ ಪ್ರಮಾಣಪತ್ರ ಮಾಡಿಸಿಕೊಳ್ಳಲಿ, ಆದರೆ ಅದರಲ್ಲಿ ಎನ್‌ಸಿವಿಇಟಿ (ವೃತ್ತಿ ತರಬೇತಿಯ ಮೇಲುಸ್ತುವಾರಿಯ ಕೇಂದ್ರ ಮಂಡಳಿ) ಮೊಹರು ಇದೆಯೇ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತಮ್ಮ ಹೆಸರು ಬರುತ್ತದೆಯೇ ನೋಡಲಿ. ‘ಐಎಸ್ಒ ಮಾನ್ಯತೆ’ ಎಂಬ ಬಂಗಾರದ ಅಂಚಿನ ಕಾಗದಕ್ಕೆ ಗೇಟಿನಲ್ಲಿ ಬೆಲೆಯಿಲ್ಲ. ಫೀಸು ಕಟ್ಟುವ ಮೊದಲು ಸಂಸ್ಥೆಯ ಅಂಗಳಕ್ಕೆ ಹೋಗಿ ಗಾಡಿ ಎಷ್ಟಿವೆ, ಒಂದು ಬ್ಯಾಚಿನಲ್ಲಿ ಎಷ್ಟು ಜನ, ಒಬ್ಬೊಬ್ಬರಿಗೆ ಸೀಟಿನ ಮೇಲೆ ಎಷ್ಟು ಗಂಟೆ ಸಿಗುತ್ತದೆ ಎಂದು ಕೇಳಬೇಕು. ಉತ್ತರ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ, ಒಳ್ಳೆಯ ಆಪರೇಟರ್ ಇರುವ ಗಾಡಿ ಹುಡುಕಿ ಹೆಲ್ಪರ್ ಆಗಿ ಸೇರುವುದೇ ವಾಸಿ.